ಒಂದು ಮಿಲಿಮೀಟರ್ ಹುಳು, ನಾಲ್ಕು ನೊಬೆಲ್!

ಹುಬ್ಬಿನಿಂದ ಒಂದು ಕೂದಲು ಕಿತ್ತು ಟೂತ್‌ಪಿಕ್ಕಿನ ತುದಿಗೆ ಅಂಟಿಸಿ. ಉಪಕರಣ ಸಿದ್ಧ! ಇಷ್ಟೇನಾ? ಇಷ್ಟೇ. ಸೂಕ್ಷ್ಮದರ್ಶಕದ ಕೆಳಗೆ ಒಂದು ಮಿಲಿಮೀಟರ್ ಉದ್ದದ ಹುಳು ತೆವಳುತ್ತಿದೆ. ಈ ಕೂದಲಿನಿಂದ ಅದರ ತಲೆಯ ಹತ್ತಿರ ಮೆಲ್ಲಗೆ ಸವರಿದರೆ ಥಟ್ಟನೆ ಹಿಂದಕ್ಕೆ ಸರಿಯುತ್ತದೆ. ಬಾಲದ ಕಡೆ ಸವರಿದರೆ ಮುಂದಕ್ಕೆ ಓಡುತ್ತದೆ. ಎಲ್ಲ ಹುಳುಗಳೂ ಹೀಗೆಯೇ ಮಾಡುತ್ತವೆ. ಆದರೆ ಎಲ್ಲೋ ಒಂದು ಹುಳು ಮಾತ್ರ ಎಷ್ಟು ಸವರಿದರೂ ತನ್ನ ಪಾಡಿಗೆ ತಾನು ತೆವಳುತ್ತಲೇ ಇರುತ್ತದೆ. ಅದಕ್ಕೆ ಆ ಸ್ಪರ್ಶ ಗೊತ್ತೇ ಆಗುತ್ತಿಲ್ಲ! ಅದರ ಯಾವುದೋ ಒಂದು ಜೀನ್ ಕೆಟ್ಟಿದೆ. ಹಾಗಾದರೆ ಯಾವುದು ಆ ಜೀನ್? ಮುಟ್ಟಿದ್ದು ಗೊತ್ತಾಗುವುದು ಎಂದರೆ ಏನು?

ಈ ಪ್ರಶ್ನೆಯ ಬೆನ್ನು ಹತ್ತಿದವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಚಾಲ್ಫಿ. ಅವರ ಹುಳುಗಳಲ್ಲಿ ಕಂಡ ಹಸಿರು ಬೆಳಕು ಇವತ್ತು ಜಗತ್ತಿನ ಜೀವವಿಜ್ಞಾನದ ಪ್ರಯೋಗಾಲಯಗಳಲ್ಲೆಲ್ಲ ಮಿನುಗುತ್ತಿದೆ!

ಆ ಹುಳುವಿನ ಹೆಸರು ಸೀನೋರಾಬ್ಡೈಟಿಸ್ ಎಲಿಗನ್ಸ್. ಬಳಸುವವರ ಬಾಯಲ್ಲಿ ಸಿ. ಎಲಿಗನ್ಸ್. ಕೊಳೆತ ಹಣ್ಣು, ಗೊಬ್ಬರಗಳಲ್ಲಿ ಬ್ಯಾಕ್ಟೀರಿಯಾ ತಿಂದು ಬದುಕುವ ದುಂಡು ಹುಳು. ಯಾರಿಗೂ ಕೇಡಿಲ್ಲ. ದೇಹವೋ ಗಾಜಿನಷ್ಟು ಪಾರದರ್ಶಕ. ಬದುಕಿರುವ ಹುಳುವಿನ ಒಳಗೆ ಕರುಳು, ಮೊಟ್ಟೆ, ಒಂದೊಂದು ಜೀವಕೋಶವೂ ಕಾಣುತ್ತದೆ. ಮೊಟ್ಟೆಯಿಂದ ಬೆಳೆದು ತಾನೇ ಮೊಟ್ಟೆಯಿಡಲು ಸುಮಾರು ಮೂರು ದಿನ ಸಾಕು. ಹೆಚ್ಚಿನವು ದ್ವಿಲಿಂಗಿಗಳು. ಒಂದೇ ಹುಳು ಜೊತೆಗಾರನಿಲ್ಲದೆ ಸುಮಾರು 300 ಮರಿಗಳನ್ನು ಹುಟ್ಟಿಸಬಲ್ಲದು. ಇನ್ನೂ ಬೆರಗಿನ ಸಂಗತಿ ಇದೆ: ಮರಿಹುಳುಗಳನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಡಬಹುದು, ವರ್ಷಗಳ ನಂತರ ತೆಗೆದು ಕರಗಿಸಿದರೆ ಅವು ಮತ್ತೆ ತೆವಳತೊಡಗುತ್ತವೆ!

ಹುಳು ಲ್ಯಾಬಿನಲ್ಲಿ ಕೆಲಸ ಮಾಡುವವರ ಕೈಚಳಕವನ್ನು ಹತ್ತಿರದಿಂದ ನೋಡಬೇಕು. ಪೆಟ್ರಿ ತಟ್ಟೆಯಲ್ಲಿ ಅಗರ್, ಅದರ ನಡುವೆ ತೆಳುವಾಗಿ ಬೆಳೆಸಿದ ಈ. ಕೋಲೈ ಬ್ಯಾಕ್ಟೀರಿಯಾ. ಹುಳುಗಳ ಮನೆಯೂ ಅದೇ, ಊಟವೂ ಅದೇ. ಹುಳು ನಡೆದಲ್ಲೆಲ್ಲ ಆ ಪದರದ ಮೇಲೆ ಅಲೆ ಅಲೆಯಾದ ಗೆರೆ ಮೂಡುತ್ತದೆ. ಸಂಶೋಧಕಿ ಚಪ್ಪಟೆ ತುದಿಯ ಪ್ಲಾಟಿನಂ ತಂತಿಯನ್ನು ಜ್ವಾಲೆಗೆ ಹಿಡಿದು ತಣಿಸುತ್ತಾಳೆ. ತುದಿಗೆ ಚೂರು ಬ್ಯಾಕ್ಟೀರಿಯಾ ಮೆತ್ತಿಕೊಂಡು, ನೂರಾರು ಹುಳುಗಳ ನಡುವೆ ತನಗೆ ಬೇಕಾದ ಒಂದಕ್ಕೆ ಮೇಲಿನಿಂದ ಮೆಲ್ಲಗೆ ತಾಗಿಸುತ್ತಾಳೆ. ಹುಳು ಆ ಅಂಟಿಗೆ ಹತ್ತಿಕೊಂಡು ಮೇಲೇಳುತ್ತದೆ. ಹೊಸ ತಟ್ಟೆಯ ಮೇಲೆ ತಂತಿ ಇಟ್ಟು ಕಾದರೆ ತಾನಾಗಿಯೇ ಇಳಿದು ಹೋಗುತ್ತದೆ. ಒತ್ತಿದರೆ ಹುಳು ಸಾಯುತ್ತದೆ, ಅಗರ್ ಸೀಳುತ್ತದೆ. ಬೆರಳಿಗೆ ಹದ ಬರುವ ತನಕ ಈ ಲ್ಯಾಬಿನಲ್ಲಿ ಯಾವ ಕೆಲಸವೂ ಮುಂದಕ್ಕೆ ಹೋಗುವುದಿಲ್ಲ.

ಈ ಹುಳುವನ್ನು ವಿಜ್ಞಾನದ ನಡುಮನೆಗೆ ಕರೆತಂದವರು ಸಿಡ್ನಿ ಬ್ರೆನ್ನರ್. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1963ರಲ್ಲೇ ಅವರು ಯೋಚಿಸಿದರು: ಒಂದು ಪ್ರಾಣಿ ಹೇಗೆ ಬೆಳೆಯುತ್ತದೆ, ಅದರ ನರಮಂಡಲ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ಪೂರ್ತಿ ತಿಳಿಯಬೇಕಾದರೆ, ಪೂರ್ತಿ ನೋಡಿ ಮುಗಿಸಬಹುದಾದಷ್ಟು ಚಿಕ್ಕ ಪ್ರಾಣಿಯೊಂದು ಬೇಕು. ಪೂರ್ತಿ ಎಂದರೆ ನಿಜಕ್ಕೂ ಪೂರ್ತಿ! ಅವರ ಜೊತೆಗಾರ ಜಾನ್ ಸಲ್ಸ್ಟನ್ ಒಂದೂವರೆ ವರ್ಷ ದಿನಕ್ಕೆ ಎರಡು ಬಾರಿ, ಪ್ರತಿ ಬಾರಿ ನಾಲ್ಕು ಗಂಟೆ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕುಳಿತರು. ಭ್ರೂಣದೊಳಗೆ ಒಂದು ಜೀವಕೋಶ ಎರಡಾಗುವುದನ್ನು, ಎರಡು ನಾಲ್ಕಾಗುವುದನ್ನು ಕಂಡಹಾಗೆಯೇ ಕೈಯಲ್ಲಿ ಬರೆದುಕೊಂಡರು. 1983ರಲ್ಲಿ ಸಲ್ಸ್ಟನ್ ಮತ್ತು ಅವರ ಸಂಗಡಿಗರು ಈ ವಂಶವೃಕ್ಷವನ್ನು ಪೂರ್ತಿಗೊಳಿಸಿದರು. ದ್ವಿಲಿಂಗಿ ಹುಳುವಿನ ದೇಹದಲ್ಲಿ, ಸಂತಾನದ ಕೋಶಗಳನ್ನು ಬಿಟ್ಟು, ಒಟ್ಟು 1,090 ಜೀವಕೋಶಗಳು ಹುಟ್ಟುತ್ತವೆ. ಅವುಗಳಲ್ಲಿ 131 ಸಾಯುತ್ತವೆ. ಉಳಿಯುವುದು 959. ಯಾವ ಹುಳುವನ್ನು ನೋಡಿದರೂ ಅದೇ ಲೆಕ್ಕ, ಸಾಯುವವೂ ಅವೇ 131!

ಅಂದರೆ ಜೀವಕೋಶದ ಸಾವು ಆಕಸ್ಮಿಕವಲ್ಲ. ಜೀನುಗಳೇ ಬರೆದಿಟ್ಟ ಆಜ್ಞೆ! ಅಮೆರಿಕದ ಎಂಐಟಿಯಲ್ಲಿ ರಾಬರ್ಟ್ ಹಾರ್ವಿಟ್ಸ್ ಅವರ ಲ್ಯಾಬು ಆ ಆಜ್ಞೆಯ ಜೀನುಗಳನ್ನು ಹುಡುಕಿ ತೆಗೆಯಿತು. ಅವುಗಳ ಬಂಧುಗಳು ನಮ್ಮ ದೇಹದಲ್ಲೂ ಇವೆ. ಸಾಯಬೇಕಾದ ಜೀವಕೋಶ ಸಾಯದೆ ಉಳಿದರೆ ಅದು ಕ್ಯಾನ್ಸರಿಗೆ ದಾರಿಯಾಗಬಹುದು. 2002ರಲ್ಲಿ ಬ್ರೆನ್ನರ್, ಹಾರ್ವಿಟ್ಸ್, ಸಲ್ಸ್ಟನ್ ಮೂವರಿಗೂ ನೊಬೆಲ್ ಬಂತು. ಹುಳುವೇ ನಾಲ್ಕನೆಯ ವಿಜೇತ ಎಂದು ಬ್ರೆನ್ನರ್ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಕೊಂಡಾಡಿದರು.

ಇತ್ತ ಕೊಲಂಬಿಯಾದ ಕಥೆ ಇನ್ನೂ ರೋಚಕ. ಕೇಂಬ್ರಿಜ್‌ನಲ್ಲಿ ಸಲ್ಸ್ಟನ್ ಅವರಿಂದಲೇ ಹುಬ್ಬಿನ ಕೂದಲಿನ ಪರೀಕ್ಷೆ ಕಲಿತಿದ್ದ ಚಾಲ್ಫಿ, ಆ ಮೃದು ಸ್ಪರ್ಶವನ್ನು ಗ್ರಹಿಸುವುದು ಹುಳುವಿನ ಕೇವಲ ಆರು ನರಕೋಶಗಳು ಎಂಬುದನ್ನು ತಿಳಿದಿದ್ದರು. ಸ್ಪರ್ಶ ತಿಳಿಯದ ಹುಳುಗಳನ್ನು ಒಂದೊಂದಾಗಿ ಆರಿಸಿ ಅದಕ್ಕೆ ಬೇಕಾದ ಜೀನುಗಳನ್ನು ಪತ್ತೆ ಮಾಡುತ್ತಿದ್ದರು. ಆದರೆ ಆ ಜೀನು ಯಾವ ಜೀವಕೋಶದಲ್ಲಿ ಕೆಲಸ ಮಾಡುತ್ತಿದೆ ಎಂದು ನೋಡಬೇಕಾದರೆ ಹುಳುವನ್ನು ಕೊಂದು, ರಾಸಾಯನಿಕ ಹಾಕಿ, ಬಣ್ಣ ಹಚ್ಚಬೇಕಿತ್ತು.

1989ರ ಏಪ್ರಿಲ್‌ನಲ್ಲಿ ಅವರು ಒಂದು ಉಪನ್ಯಾಸಕ್ಕೆ ಕುಳಿತಿದ್ದರು. ಮಾತಿನ ನಡುವೆ ಜೆಲ್ಲಿ ಮೀನೊಂದರ ಹಸಿರು ಹೊಳೆಯುವ ಪ್ರೋಟೀನಿನ ವಿಷಯ ಬಂತು. ಅಷ್ಟೇ! ಉಳಿದ ಉಪನ್ಯಾಸ ಅವರ ಕಿವಿಗೆ ಬೀಳಲೇ ಇಲ್ಲ. ನನ್ನ ಹುಳು ಪಾರದರ್ಶಕ. ಆ ಪ್ರೋಟೀನಿನ ಜೀನನ್ನು ಅದರೊಳಗೆ ಸೇರಿಸಿದರೆ ಬದುಕಿರುವಾಗಲೇ ನರಕೋಶ ಹೊಳೆಯುತ್ತದಲ್ಲ! ಆ ಜೀನಿಗಾಗಿ ದುಡಿಯುತ್ತಿದ್ದವರು ವುಡ್ಸ್ ಹೋಲ್‌ನ ಡಗ್ಲಸ್ ಪ್ರಾಶರ್. 1992ರಲ್ಲಿ ಜೀನು ಪೂರ್ತಿ ಕೈಗೆ ಸಿಕ್ಕಿತ್ತು, ಆದರೆ ಸಂಶೋಧನೆಗೆ ಹಣ ಮುಗಿದಿತ್ತು. ಪ್ರಾಶರ್ ಅದನ್ನು ಬಚ್ಚಿಡಲಿಲ್ಲ. ಕೇಳಿದ ಚಾಲ್ಫಿಗೂ ಕ್ಯಾಲಿಫೋರ್ನಿಯಾದ ರೋಜರ್ ತ್ಸಿಯೆನ್‌ಗೂ ಕಳಿಸಿಕೊಟ್ಟರು!

ಚಾಲ್ಫಿ ಲ್ಯಾಬಿನಲ್ಲಿ ಆ ಜೀನನ್ನು ಕೈಗೆತ್ತಿಕೊಂಡವಳು ಗಿಯಾ ಯೂಸ್ಕಿರ್ಶನ್ ಎಂಬ ವಿದ್ಯಾರ್ಥಿನಿ. ಜೆಲ್ಲಿ ಮೀನಿನ ಬೇರೆ ಕಿಣ್ವಗಳ ನೆರವಿಲ್ಲದೆ ಇದು ಹೊಳೆಯುವುದು ಅನುಮಾನ ಎಂಬ ಮಾತಿತ್ತು. ಆಕೆ ಜೀನಿನ ತಿರುಳನ್ನಷ್ಟೇ ಬ್ಯಾಕ್ಟೀರಿಯಾಕ್ಕೆ ಸೇರಿಸಿದಳು. ಒಂದು ತಿಂಗಳೊಳಗೆ ಬ್ಯಾಕ್ಟೀರಿಯಾ ಹಸಿರಾಗಿ ಬೆಳಗಿದವು! ಆಮೇಲೆ ಹುಳು. ಸ್ಪರ್ಶದ ನರಕೋಶಗಳಲ್ಲಿ ಕೆಲಸ ಮಾಡುವ ಜೀನೊಂದರ ಸ್ವಿಚ್ಚಿಗೆ ಈ ಜೀನನ್ನು ಜೋಡಿಸಿದರು. ಜೀವಂತ ಹುಳುವಿನ ಮೈಯೊಳಗೆ ನರಕೋಶಗಳು ತಮ್ಮ ಉದ್ದನೆಯ ಎಳೆಗಳ ಸಮೇತ ಹಸಿರಾಗಿ ಮೂಡಿ ಬಂದವು! 1994ರ ಫೆಬ್ರುವರಿಯಲ್ಲಿ ಆ ಚಿತ್ರ 'ಸೈನ್ಸ್' ಪತ್ರಿಕೆಯ ಮುಖಪುಟಕ್ಕೇರಿತು.

ಆ ಚಿತ್ರದ ಜೊತೆ ಪ್ರಕಟವಾದ ಪ್ರಬಂಧದ ಹಿಂದೆ ಒಂದು ಮನೆಯ ಕಥೆಯೂ ಇದೆ. ಚಾಲ್ಫಿಯವರ ಪತ್ನಿ ಟುಲ್ ಹೇಜಲ್ರಿಗ್ ಕೂಡ ವಿಜ್ಞಾನಿ, ಹಣ್ಣಿನ ನೊಣ ಅವರ ಕ್ಷೇತ್ರ. ತಮ್ಮ ಇನ್ನೂ ಪ್ರಕಟವಾಗದ ಫಲಿತಾಂಶವನ್ನು ಉಲ್ಲೇಖಿಸಲು ಪತಿಗೆ ಪತ್ರದ ಮೂಲಕವೇ ಒಪ್ಪಿಗೆ ಕೊಟ್ಟರು, ಷರತ್ತುಗಳೊಂದಿಗೆ: ಕಾಫಿ ಮಾಡಿಕೊಡಬೇಕು, ವಿಶೇಷ ಅಡುಗೆ ಮಾಡಿ ಬಡಿಸಬೇಕು, ರಾತ್ರಿ ಕಸ ಹೊರಗೆ ಹಾಕಬೇಕು!

2008ರ ರಸಾಯನಶಾಸ್ತ್ರದ ನೊಬೆಲ್ ಚಾಲ್ಫಿ, ತ್ಸಿಯೆನ್ ಹಾಗೂ ಆ ಪ್ರೋಟೀನನ್ನು ಮೊದಲು ಬೇರ್ಪಡಿಸಿದ ಒಸಾಮು ಶಿಮೊಮುರಾ ಅವರಿಗೆ ಸಂದಿತು. ಜೀನು ಕೊಟ್ಟ ಪ್ರಾಶರ್ ಆಗ ಅಲಬಾಮಾದ ಕಾರು ಮಾರಾಟ ಮಳಿಗೆಯೊಂದರಲ್ಲಿ ವ್ಯಾನ್ ಓಡಿಸುತ್ತಿದ್ದರು. ಚಾಲ್ಫಿ ಮತ್ತು ತ್ಸಿಯೆನ್ ತಮ್ಮ ಖರ್ಚಿನಲ್ಲೇ ಅವರನ್ನು ಸ್ಟಾಕ್‌ಹೋಮಿನ ಸಮಾರಂಭಕ್ಕೆ ಕರೆಸಿಕೊಂಡರು. ಪ್ರಾಶರ್ ಅವರಂತೆ ಕೇಳಿದವರಿಗೆ ಎತ್ತಿ ಕೊಡುವ ಉದಾರತೆ ಹುಳು ಲ್ಯಾಬುಗಳ ಹುಟ್ಟುಗುಣವೂ ಹೌದು. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಸಾವಿರಾರು ಬಗೆಯ ಹುಳುಗಳ ಭಂಡಾರವೇ ಇದೆ. ಜಗತ್ತಿನ ಯಾವ ಲ್ಯಾಬು ಬೇಕಾದರೂ ಅಲ್ಲಿಂದ ಹುಳು ತರಿಸಿಕೊಳ್ಳಬಹುದು.

ಹುಳು ತಂದ ಪ್ರಶಸ್ತಿಗಳು ಇವೆರಡೇ ಅಲ್ಲ. ಆರ್‌ಎನ್‌ಎ ಬಳಸಿ ಜೀನಿನ ಬಾಯಿ ಮುಚ್ಚಿಸುವ ವಿದ್ಯೆಯನ್ನು ಇದೇ ಹುಳುವಿನಲ್ಲಿ ಕಂಡ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೋ ಅವರಿಗೆ 2006ರಲ್ಲಿ ನೊಬೆಲ್. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಬೇರೆ ಬೇರೆ ಲ್ಯಾಬುಗಳಲ್ಲಿ ಒಗಟೊಂದನ್ನು ಬಿಡಿಸಿದ್ದರು: ಸುಮಾರು 22 ಅಕ್ಷರಗಳ ಪುಟಾಣಿ ಆರ್‌ಎನ್‌ಎ ತುಣುಕು ದೊಡ್ಡ ಜೀನೊಂದನ್ನು ಹತೋಟಿಯಲ್ಲಿಡುತ್ತದೆ! ಇದು ಹುಳುವಿನದೇ ವಿಚಿತ್ರ ಎಂದು ಬಹಳ ಮಂದಿ ಸುಮ್ಮನಾದರು. 2000ದಲ್ಲಿ ರುವ್ಕುನ್ ಲ್ಯಾಬು ಇಂಥದೇ ಎರಡನೆಯ ತುಣುಕನ್ನು ಹುಡುಕಿತು. ಅದು ಮನುಷ್ಯರಲ್ಲೂ ಇತ್ತು! ಈ ಮೈಕ್ರೋ ಆರ್‌ಎನ್‌ಎಗಳಿಗೆ 2024ರ ನೊಬೆಲ್.

ನಮ್ಮ ಬೆಂಗಳೂರಿನಲ್ಲೂ ಈ ಹುಳು ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕವಿತಾ ಬಾಬು ಅವರ ತಂಡ ನರಕೋಶಗಳು ಒಂದರೊಡನೊಂದು ಮಾತಾಡುವ ಸಂಧಿಗಳನ್ನು ಇದರಲ್ಲೇ ಅಭ್ಯಾಸ ಮಾಡುತ್ತಿದೆ. ಅದೇ ಸಂಸ್ಥೆಯಲ್ಲಿ ವರ್ಷಾ ಸಿಂಗ್ ಅವರ ತಂಡ 2021ರಲ್ಲಿ ತೋರಿಸಿದ ಸಂಗತಿಯಂತೂ ಮೈ ಝುಮ್ಮೆನಿಸುವಂಥದು: ರೋಗಕಾರಕ ಬ್ಯಾಕ್ಟೀರಿಯಾದ ವಾಸನೆಯೊಂದನ್ನು ಹುಳು ಗುರುತಿಸುತ್ತದೆ, ದೂರ ಸರಿಯುತ್ತದೆ, ಜೊತೆಗೆ ಒಳಗಿನ ರೋಗನಿರೋಧಕ ಶಕ್ತಿಯನ್ನೂ ಎಚ್ಚರಿಸಿಕೊಳ್ಳುತ್ತದೆ. ಕೇವಲ 302 ನರಕೋಶಗಳಲ್ಲಿ ಎಷ್ಟೊಂದು ವಿವೇಕ!

ಆ 302 ನರಕೋಶಗಳ ಜೋಡಣೆಯ ನಕ್ಷೆ 1986ರಿಂದಲೇ ನಮ್ಮ ಕೈಯಲ್ಲಿದೆ. ಆದರೂ ಹುಳು ಮುಂದಿನ ಕ್ಷಣ ಎಡಕ್ಕೆ ಹೊರಳುತ್ತದೋ ಬಲಕ್ಕೋ ಎಂದು ಖಚಿತವಾಗಿ ಹೇಳುವುದು ಇನ್ನೂ ಆಗಿಲ್ಲ. ಈಗ ಅದೇ ಹಸಿರು ಪ್ರೋಟೀನಿನಿಂದ ಮಾಡಿದ ಸೂಚಕಗಳ ನೆರವಿನಿಂದ, ತೆವಳುತ್ತಿರುವ ಹುಳುವಿನ ಮಿದುಳಿನಲ್ಲಿ ಯಾವ ನರಕೋಶ ಯಾವಾಗ ಚುರುಕಾಗುತ್ತದೆ ಎಂದು ನೇರವಾಗಿ ನೋಡುತ್ತಿದ್ದಾರೆ. ಮಾಡಬೇಕಾದ ಕೆಲಸ ಬೇಕಾದಷ್ಟಿದೆ, ಹೊಸ ಕಣ್ಣುಗಳು ಬೇಕು. ಜೀವಶಾಸ್ತ್ರವೆಂದರೆ ಬಾಯಿಪಾಠ ಎಂದುಕೊಂಡ ನಮ್ಮ ಹೈಸ್ಕೂಲು ಮಕ್ಕಳಿಗೆ ಹಿತ್ತಲಿನ ಗೊಬ್ಬರದಲ್ಲಿರುವ ದುಂಡು ಹುಳುಗಳನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲೇ ತೋರಿಸಬಹುದು. ಅವರು ಪ್ರಶ್ನೆ ಕೇಳತೊಡಗಲಿ. ಆ ಪ್ರಶ್ನೆಗಳಲ್ಲಿ ಕೆಲವಕ್ಕೆ ಉತ್ತರ ಇನ್ನೂ ಯಾವ ಪುಸ್ತಕದಲ್ಲೂ ಇಲ್ಲ, ಅವರೇ ಹುಡುಕಬೇಕು!