ಪ್ರಾಣಭಯದಿಂದ ಮರೆಯಾದ ಹೆಸರುಗಳು: ಬ್ಲೂಸ್ ಧ್ವನಿಮುದ್ರಿಕೆಯೊಂದರ 43 ವರ್ಷಗಳ ಪಯಣ

ಧ್ವನಿಮುದ್ರಿಕೆಯೊಂದು ಬಿಡುಗಡೆಯಾಗದೆ ಕಪಾಟಿನಲ್ಲಿ ಉಳಿಯಲು ಹಣದ ಅಡಚಣೆ, ಹಕ್ಕುಸ್ವಾಮ್ಯದ ವ್ಯಾಜ್ಯ, ಮಾರುಕಟ್ಟೆಯ ಲೆಕ್ಕಾಚಾರ ಮುಂತಾದ ಕಾರಣಗಳಿರುವುದು ಸಾಮಾನ್ಯ. ಆದರೆ ಹಾಡಿದ ಕಲಾವಿದರೇ ತಮ್ಮ ಹೆಸರು ಹೊರಬಾರದಿರಲೆಂದು ಅಂಗಲಾಚಿದ ಉದಾಹರಣೆ ಅಪರೂಪ. ಅಮೆರಿಕದ ಜಾನಪದ ಸಂಗೀತದಲ್ಲಿ ಮಹತ್ವದ ದಾಖಲೆಯೆನಿಸಿರುವ ‘ಬ್ಲೂಸ್ ಇನ್ ದ ಮಿಸಿಸಿಪಿ ನೈಟ್’ ಅಂಥದೊಂದು ಮುದ್ರಿಕೆ. 1947ರಲ್ಲಿ ದಾಖಲಾದ ಈ ಧ್ವನಿಗಳು 1959ರಲ್ಲಿ ಹುಸಿ ಹೆಸರುಗಳೊಂದಿಗೆ ಅಮೆರಿಕದ ಶ್ರೋತೃಗಳನ್ನು ತಲುಪಿದವು. ನಿಜವಾದ ಹೆಸರುಗಳು ಬೆಳಕು ಕಂಡದ್ದು 1990ರಲ್ಲಿ.

ಬ್ಲೂಸ್ ಎಂದರೇನು?

ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ನಡುವೆ 19ನೇ ಶತಮಾನದ ಕೊನೆಯ ಭಾಗದಲ್ಲಿ ರೂಪುಗೊಂಡ ಗಾಯನ ಪ್ರಕಾರವೇ ಬ್ಲೂಸ್. ಹತ್ತಿಯ ಹೊಲಗಳಲ್ಲಿ ದುಡಿಯುವವರ ಕೂಗು, ಗುಂಪಾಗಿ ಕೆಲಸ ಮಾಡುವಾಗಿನ ಶ್ರಮಗೀತೆ, ಚರ್ಚುಗಳ ಭಜನೆ ಇವೆಲ್ಲವೂ ಅದರ ಬೇರುಗಳು. ಒಂದು ಸಾಲನ್ನು ಹಾಡಿ, ಅದನ್ನೇ ಪುನರಾವರ್ತಿಸಿ, ಮೂರನೆಯ ಸಾಲಿನಲ್ಲಿ ಉತ್ತರ ನೀಡುವುದು ಇದರ ಪ್ರಚಲಿತ ಬಂಧ. ಮೇಲ್ನೋಟಕ್ಕೆ ಇವು ಪ್ರೇಮಭಂಗದ, ಊರು ಬಿಟ್ಟು ಹೋಗುವವರ ಹಾಡುಗಳು. ಆ ದುಃಖದ ಮೂಲ ಎಲ್ಲಿದೆ ಎಂಬುದನ್ನು ಹಾಡುಗಾರರು ಬಹಿರಂಗವಾಗಿ ಹೇಳುವಂತಿರಲಿಲ್ಲ.

ಖಾಲಿ ಸ್ಟುಡಿಯೋದಲ್ಲಿ ಮೂವರು

ಆ ಮೌನವನ್ನು ಮುರಿಯಲು ಯತ್ನಿಸಿದವರು ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ (1915–2002). 1947ರ ಮಾರ್ಚ್ ತಿಂಗಳ ಆರಂಭದಲ್ಲಿ ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ನಡೆದ ಕಛೇರಿಯೊಂದರಲ್ಲಿ ಮೂವರು ಬ್ಲೂಸ್ ಕಲಾವಿದರು ಹಾಡಿದ್ದರು. ಗಿಟಾರ್ ವಾದಕ ಬಿಗ್ ಬಿಲ್ ಬ್ರೂನ್ಜಿ, ಪಿಯಾನೋ ವಾದಕ ಮೆಂಫಿಸ್ ಸ್ಲಿಮ್ ಹಾಗೂ ಹಾರ್ಮೋನಿಕಾ ವಾದಕ ಸನ್ನಿ ಬಾಯ್ ವಿಲಿಯಮ್ಸನ್ ಆ ಮೂವರು. ಮೂವರೂ ದಕ್ಷಿಣದಲ್ಲಿ ಬೆಳೆದು ಚಿಕಾಗೋದಲ್ಲಿ ಹೆಸರು ಮಾಡಿದವರು. ಕಛೇರಿಯ ಬಳಿಕ ಲೋಮ್ಯಾಕ್ಸ್ ಅವರನ್ನು ಡೆಕ್ಕಾ ಸಂಸ್ಥೆಯ ಖಾಲಿ ಸ್ಟುಡಿಯೋಗೆ ಕರೆದೊಯ್ದು, ಒಂದೇ ಮೈಕ್ ಇದ್ದ ಧ್ವನಿಮುದ್ರಣ ಯಂತ್ರದ ಮುಂದೆ ಕೂರಿಸಿದರು. ಬ್ಲೂಸ್ ಎಲ್ಲಿಂದ ಹುಟ್ಟಿತು ಎಂಬುದು ಅವರ ಪ್ರಶ್ನೆಯಾಗಿತ್ತು.

ಮೊದಮೊದಲು ಮಾತು ಪ್ರೇಮದ ಸುತ್ತ ಸುಳಿಯಿತು. ಕ್ರಮೇಣ ನಾಲಗೆ ಸಡಿಲವಾಯಿತು. ಮಿಸಿಸಿಪಿ ನದಿಯ ಪ್ರವಾಹ ತಡೆಯಲು ಏರಿ ಕಟ್ಟುವ ಶಿಬಿರಗಳಲ್ಲಿ ಹೇಸರಗತ್ತೆಗಳೊಂದಿಗೆ ದುಡಿದ ಬಡಪಾಯಿಗಳು, ಬಂದೀಖಾನೆಯ ಹೊಲಗಳು, ಗುಂಪುಹತ್ಯೆಗಳು ಹೀಗೆ ಒಂದೊಂದೇ ವಿಷಯ ಹೊರಬಂದವು. ಸತ್ತ ಹೇಸರಗತ್ತೆಗೆ ಬದಲಾಗಿ ಇನ್ನೊಂದನ್ನು ಹಣ ಕೊಟ್ಟು ಕೊಳ್ಳಬೇಕು; ಸತ್ತ ಕೂಲಿಯ ಜಾಗಕ್ಕೆ ಇನ್ನೊಬ್ಬನನ್ನು ಕರೆದರಾಯಿತು. ಆ ಶಿಬಿರಗಳ ಲೆಕ್ಕವೇ ಹಾಗಿತ್ತೆಂದು ಅವರು ವಿವರಿಸಿದರು. ಇಂಥ ಮಾತುಗಳ ನಡುವೆಯೂ ಅವರು ನಕ್ಕಿದ್ದಾರೆ. ಆ ನಗುವೇ ಕೇಳುಗರನ್ನು ಹೆಚ್ಚು ಕಲಕುತ್ತದೆ.

ಭಯ ಏಕೆ?

ಮುದ್ರಿಸಿದ್ದನ್ನು ಲೋಮ್ಯಾಕ್ಸ್ ಮರಳಿ ಕೇಳಿಸಿದಾಗ ಮೂವರೂ ಗಾಬರಿಗೊಂಡರು. ಈ ಮಾತನಾಡಿದವರು ತಾವೆಂಬುದು ಯಾರಿಗೂ ತಿಳಿಯಬಾರದೆಂದು ಬೇಡಿಕೊಂಡರು. ಅವರು ಆಗ ವಾಸವಿದ್ದದ್ದು ಉತ್ತರದ ನಗರದಲ್ಲಿ. ಆದರೆ ಬಂಧುಬಳಗ ಇನ್ನೂ ದಕ್ಷಿಣದಲ್ಲೇ ಇತ್ತು. ಸೇಡು ತೀರುವುದು ಆ ಬಂಧುಗಳ ಮೇಲೆ, ಅವರ ಮನೆಗಳಿಗೆ ಬೆಂಕಿ ಬೀಳುತ್ತದೆ ಎಂಬುದೇ ಅವರ ಆತಂಕ.

ಈ ಆತಂಕ ನಿರಾಧಾರವಾದುದೇನೂ ಆಗಿರಲಿಲ್ಲ. ಎಂಟು ವರ್ಷಗಳ ಬಳಿಕ, 1955ರ ಆಗಸ್ಟ್‌ನಲ್ಲಿ, ಚಿಕಾಗೋದಿಂದ ಮಿಸಿಸಿಪಿಯ ಬಂಧುಗಳ ಮನೆಗೆ ಬಂದಿದ್ದ 14 ವರ್ಷದ ಎಮೆಟ್ ಟಿಲ್ ಎಂಬ ಕಪ್ಪು ಬಾಲಕನನ್ನು ಅಪಹರಿಸಿ ಕೊಲ್ಲಲಾಯಿತು. ಬಿಳಿಯ ಮಹಿಳೆಯೊಬ್ಬಳ ಬಳಿ ಅನುಚಿತವಾಗಿ ವರ್ತಿಸಿದನೆಂಬುದು ಅವನ ಮೇಲಿದ್ದ ಆರೋಪ. ಆರೋಪಿಗಳಿಬ್ಬರನ್ನು ಬಿಳಿಯರೇ ತುಂಬಿದ್ದ ನ್ಯಾಯದರ್ಶಿ ಮಂಡಳಿ ನಿರ್ದೋಷಿಗಳೆಂದು ಘೋಷಿಸಿತು. ಗುಂಪುಹತ್ಯೆಯನ್ನು ಅಪರಾಧವೆಂದು ಸಾರುವ ಅಮೆರಿಕದ ಕೇಂದ್ರ ಕಾನೂನು ಆ ಬಾಲಕನ ಹೆಸರಿನಲ್ಲೇ ಬಂದದ್ದು 2022ರಲ್ಲಿ ಎಂಬುದು ಗಮನಾರ್ಹ.

ಮುಸುಕು ಸರಿದ ಬಗೆ

ಲೋಮ್ಯಾಕ್ಸ್ ಮಾತಿಗೆ ತಪ್ಪಲಿಲ್ಲ. 1948ರಲ್ಲಿ ‘ಕಾಮನ್ ಗ್ರೌಂಡ್’ ಪತ್ರಿಕೆಯಲ್ಲಿ ಈ ಸಂಭಾಷಣೆಯನ್ನು ಲೇಖನರೂಪದಲ್ಲಿ ಪ್ರಕಟಿಸಿದಾಗ ಬ್ರೂನ್ಜಿ ‘ನ್ಯಾಚೆಜ್’ ಆದರು, ಸ್ಲಿಮ್ ‘ಲೆರಾಯ್’ ಆದರು, ವಿಲಿಯಮ್ಸನ್ ‘ಸಿಬ್’ ಆದರು. 1959ರಲ್ಲಿ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆ ಹೊರತಂದ ಮುದ್ರಿಕೆಯಲ್ಲೂ ಈ ಮುಸುಕು ಮುಂದುವರಿಯಿತು.

ಅಷ್ಟರಲ್ಲಿ ಮೂವರಲ್ಲಿ ಇಬ್ಬರು ಇರಲಿಲ್ಲ. ವಿಲಿಯಮ್ಸನ್ 1948ರ ಜೂನ್ 1ರಂದು ಚಿಕಾಗೋದಲ್ಲಿ ದರೋಡೆಕೋರರ ಹಲ್ಲೆಗೆ ಬಲಿಯಾದಾಗ ಅವರ ವಯಸ್ಸು 34. ಬ್ರೂನ್ಜಿ 1958ರಲ್ಲಿ ತೀರಿಕೊಂಡರು. ಪ್ಯಾರಿಸ್‌ನಲ್ಲಿ ನೆಲೆಸಿದ್ದ ಮೆಂಫಿಸ್ ಸ್ಲಿಮ್ 1988ರಲ್ಲಿ ನಿಧನರಾದರು. ಅವರಾರಿಗೂ ಇನ್ನು ಅಪಾಯ ತಟ್ಟುವಂತಿರಲಿಲ್ಲ. 1990ರಲ್ಲಿ ರೈಕೋಡಿಸ್ಕ್ ಸಂಸ್ಥೆ ಸಿ.ಡಿ. ರೂಪದಲ್ಲಿ ಮರುಬಿಡುಗಡೆ ಮಾಡಿದಾಗ ಮೂವರ ಹೆಸರುಗಳೂ ಬಹಿರಂಗಗೊಂಡವು.

ಹೆಸರು ಸೇರಿದ ಮೇಲೆ ಈ ಮುದ್ರಿಕೆಯ ಬೆಲೆ ಹೆಚ್ಚಿತು. ಅಜ್ಞಾತರ ಮಾತೆಂದು ಕೇಳಿಸಿಕೊಂಡಿದ್ದ ಸಾಕ್ಷ್ಯ ಪ್ರಸಿದ್ಧ ಕಲಾವಿದರ ಸ್ವಾನುಭವವಾಗಿ ಮಾರ್ಪಟ್ಟಿತು. ಅವರು ವೇದಿಕೆಯ ಮೇಲೆ ಹಾಡುತ್ತಿದ್ದ ಪ್ರೇಮಭಂಗದ ಹಾಡುಗಳ ಹಿಂದೆ ಏನನ್ನು ಅಡಗಿಸಿದ್ದರೆಂಬುದು ಶ್ರೋತೃಗಳಿಗೆ ಸ್ಪಷ್ಟವಾಯಿತು. ಆದರೆ ತಮ್ಮ ಹೆಸರಿನಲ್ಲಿಯೇ ಆ ಮುದ್ರಿಕೆಯನ್ನು ಕೈಗೆತ್ತಿಕೊಳ್ಳುವ ಭಾಗ್ಯ ಆ ಮೂವರಲ್ಲಿ ಒಬ್ಬರಿಗೂ ಒದಗಲಿಲ್ಲ.