ತಂತಿ ಬಿಗಿಸಿದ್ದಾಯಿತು, ವಸಡಿನ ಕಥೆ?

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರಿಗೆ ದಂತವೈದ್ಯರ ಬಳಿಗೆ ತಿಂಗಳಿಗೊಂದು ಪಯಣ ಖಾಯಂ. ಜಹೀರಾಬಾದಿನಿಂದ ಬೀದರಿಗೆ ರೈಲೂ ಇದೆ, ಬಸ್ಸೂ ಇದೆ. ತಾಂಡೂರಿನವರು ರೈಲು ಹತ್ತಿದರೆ ಒಂದು ಕಡೆ ಕಲಬುರಗಿ, ಇನ್ನೊಂದು ಕಡೆ ಹೈದರಾಬಾದ್. ರೈಲು ಕಾಣದ ನಾರಾಯಣಖೇಡಕ್ಕೆ ಬಸ್ಸೇ ಗತಿ. ಬೀದರ್, ಕಲಬುರಗಿ, ಸಂಗಾರೆಡ್ಡಿ ಮೂರರಲ್ಲೂ ದಂತ ವೈದ್ಯಕೀಯ ಕಾಲೇಜುಗಳಿವೆ. ಇಷ್ಟೆಲ್ಲ ತಿರುಗಿ ತಂತಿ ಬಿಗಿಸಿಕೊಂಡು ಬಂದವರು ಉಳಿದ ದಿನಗಳಲ್ಲಿ ವಸಡಿನ ಕಡೆ ನೋಡುವುದೇ ಅಪರೂಪ.

ಉಜ್ಜುವಾಗ ರಕ್ತ ಕಂಡರೆ ಮನೆಯಲ್ಲಿ ಮೊದಲು ಬರುವ ಮಾತು: “ತಂತಿ ಚುಚ್ಚಿರಬೇಕು, ಎರಡು ದಿನ ಬ್ರಷ್ ಬ್ಯಾಡ ಬಿಡವ್ವ.” ಕೇಡು ಶುರುವಾಗುವುದೇ ಅಲ್ಲಿ. ತಂತಿ ಚುಚ್ಚುವುದು ಸಾಮಾನ್ಯವಾಗಿ ಕೆನ್ನೆಗೆ, ತುಟಿಗೆ. ಹಲ್ಲಿನ ಬುಡದಲ್ಲಿ ಒಸರುವ ರಕ್ತಕ್ಕೆ ಬಹುಮಟ್ಟಿಗೆ ಅಲ್ಲಿ ಕೂತ ಪಾಚಿಯೇ ಕಾರಣ. ಹಲ್ಲಿಗೆ ಅಂಟಿಸಿ ತಂತಿ ಹಿಡಿಸುವ ಬ್ರಾಕೆಟ್ಟಿಗೂ ವಸಡಿಗೂ ನಡುವಿನ ಸಣ್ಣ ಪಟ್ಟಿಗೆ ಬ್ರಷ್ ತಾಗದಿದ್ದರೆ ಪಾಚಿ ದಪ್ಪವಾಗುತ್ತದೆ. ಹಲ್ಲುಸಂದಿಯ ವಸಡು ಚೂಪು ಕಳೆದುಕೊಂಡು ಉಬ್ಬುತ್ತದೆ. ಹದಿಹರೆಯದವರಲ್ಲಿ ಅದು ಬ್ರಾಕೆಟ್ಟಿನ ಮೇಲೇ ಹತ್ತಿ ಕೂರುವುದೂ ಉಂಟು. ಬಣ್ಣ ನೋಡಿ ಮಾತ್ರ ಗಾಬರಿಯಾಗಬೇಡಿ. ನಮ್ಮಲ್ಲಿ ಅನೇಕರ ವಸಡಿಗೆ ಕಂದು ಬಣ್ಣ ಸಹಜ.

1965ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಪ್ರಯೋಗವೊಂದರಲ್ಲಿ ಹಾರಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಂತ 12 ಮಂದಿಗೆ ಹಲ್ಲುಜ್ಜುವುದನ್ನೇ ನಿಲ್ಲಿಸಿ ಎಂದರು. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ವಾರದಲ್ಲಿ ಸರಿಹೋಯಿತು. ಅವರ ಬಾಯಲ್ಲಿ ತಂತಿಯೂ ಇರಲಿಲ್ಲ! ಹಾಗಾಗಿ ರಕ್ತ ಬಂದರೆ ಕೈ ನಿಲ್ಲಿಸಬಾರದು, ಹಗುರ ಮಾಡಬೇಕು. ಮೆತ್ತನೆಯ ಬ್ರಷ್ಷನ್ನು ವಸಡಿನ ಅಂಚಿಗೆ 45 ಡಿಗ್ರಿ ವಾರೆಯಾಗಿಟ್ಟು ಸಣ್ಣಗೆ ಅಲುಗಿಸಿದರೆ ಸಾಕು. ತಂತಿಯಡಿಗೆ ತೂರಿಸಲು, ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂತಿರುವ ಇಂಟರ್‌ಡೆಂಟಲ್ ಬ್ರಷ್ ಬೇಕು. ಬೇವಿನ ಕಡ್ಡಿಯ ಬಗ್ಗೆ ನನಗೆ ಗೌರವವಿದೆ, ಆದರೆ ಅದು ಆ ಸಂದಿಗೆ ಇಳಿಯುವುದಿಲ್ಲ. ಎರಡು ವಾರವಾದರೂ ರಕ್ತ ನಿಲ್ಲದಿದ್ದರೆ ಮುಂದಿನ ತಾರೀಕಿಗೆ ಕಾಯದೆ ವೈದ್ಯರಿಗೆ ತೋರಿಸಿ. ತಿನ್ನುವುದರಲ್ಲೂ ಎಚ್ಚರವಿರಲಿ: ಕಟಿ ರೊಟ್ಟಿ, ಕಬ್ಬು ಬ್ರಾಕೆಟ್ ಕೀಳುತ್ತವೆ. ಬಿಸಿ ರೊಟ್ಟಿಗೆ ತಕರಾರಿಲ್ಲ.

ದೊಡ್ಡವರ ಲೆಕ್ಕ ಬೇರೆ. ಹಲ್ಲು ಸರಿಯುವುದೇ ಎಲುಬು ಒಂದು ಬದಿ ಕರಗಿ, ಇನ್ನೊಂದು ಬದಿ ಕಟ್ಟಿಕೊಳ್ಳುವುದರಿಂದ. ವಸಡಿನ ರೋಗ ಎಲುಬಿಗಿಳಿದಿರುವಾಗ ತಂತಿ ಎಳೆದರೆ ಕರಗಿದ್ದು ಕಟ್ಟಿಕೊಳ್ಳದೇ ಹೋಗಬಹುದು. ಸಕ್ಕರೆ ಕಾಯಿಲೆ ಇದ್ದವರಂತೂ ವಸಡಿನ ಚಿಕಿತ್ಸೆ ಮುಗಿಸಿಕೊಂಡೇ ಕ್ಲಿಪ್ಪಿಗೆ ಕೂರಬೇಕು. ಬೀಡಿ ಸಿಗರೇಟು ಸೇದುವವರ ವಸಡಿನಲ್ಲಿ ರೋಗವಿದ್ದರೂ ರಕ್ತ ಕಡಿಮೆ. ಅದನ್ನು ಆರೋಗ್ಯವೆಂದು ನಂಬಿದರೆ ಕೆಟ್ಟಂತೆ.

ಕ್ಲಿಪ್ ಬಿಚ್ಚಿದ ಮೇಲೂ ಎಷ್ಟೋ ಜನರಿಗೆ ಕೆಳಗಿನ ಮುಂಬಲ್ಲುಗಳ ಹಿಂಬದಿಗೆ ಸಣ್ಣ ತಂತಿ ಅಂಟಿಸಿರುತ್ತಾರೆ. ನಾಲಿಗೆಯಡಿಯ ಜೊಲ್ಲು ಹೊರಬೀಳುವುದು ಅದರ ಪಕ್ಕದಲ್ಲೇ. ಪಾಚಿ ಬೇಗ ಕಲ್ಲಾಗುವ ಜಾಗ ಅದು. ಕಲ್ಲಾದದ್ದನ್ನು ಯಾವ ಬ್ರಷ್ಷೂ ತೆಗೆಯಲಾರದು, ಕ್ಲೀನಿಂಗ್ ಮಾಡಿಸಲು ಮತ್ತೆ ಬೀದರಿಗೋ ಕಲಬುರಗಿಗೋ ಹೋಗಲೇಬೇಕು.