ಕೀ ಕೊಡುವ ಕೈಗಡಿಯಾರದ ಬೆಲೆ

ನಿಮ್ಮ ಮನೆಯ ಟ್ರಂಕಿನ ತಳದಲ್ಲಿ, ಜಮೀನಿನ ಕಾಗದಪತ್ರಗಳ ಜೊತೆಗೆ, ಅಜ್ಜನೋ ಅಪ್ಪನೋ ಕಟ್ಟುತ್ತಿದ್ದ ಹಳೆಯ ಕೈಗಡಿಯಾರ ಇದೆಯೇ? ತೆಲುಗಿನ ನೆರೆಯವರು ಅದನ್ನು ಗಡಿಯಾರಂ ಎನ್ನುತ್ತಾರೆ, ಮರಾಠಿಯವರು ಘಡ್ಯಾಳ ಎನ್ನುತ್ತಾರೆ. ಹೆಸರು ಯಾವುದೇ ಇರಲಿ, ದಿನವೂ ಕೀ ಕೊಟ್ಟರೆ ಮಾತ್ರ ನಡೆಯುವ ಆ ವಾಚನ್ನು ಇಂದು ಹುಡುಕಿಕೊಂಡು ಬಂದು ಕೊಳ್ಳುವವರಿದ್ದಾರೆ. ಮೊಬೈಲಿನಲ್ಲೇ ಗಂಟೆ ಕಾಣುವ ಈ ಕಾಲದಲ್ಲಿ ಅದು ಯಾರಿಗೆ ಬೇಕು, ಏಕೆ ಬೇಕು? ಕೊಡುವ ಮೊದಲು ಇದನ್ನು ತಿಳಿದಿರುವುದು ಒಳ್ಳೆಯದು.

ಮೊದಲು ಅದರ ಒಳಗನ್ನು ನೋಡೋಣ. ಪುಟ್ಟ ಡಬ್ಬಿಯೊಂದರಲ್ಲಿ ಉಕ್ಕಿನ ಪಟ್ಟಿಯನ್ನು ಸುರುಳಿ ಸುತ್ತಿರುತ್ತಾರೆ. ಕೀ ಕೊಟ್ಟಾಗ ಅದು ಬಿಗಿಯಾಗುತ್ತದೆ. ಬಿಚ್ಚಿಕೊಳ್ಳುತ್ತಾ ಹಲ್ಲಿನ ಗಾಲಿಗಳನ್ನು ತಿರುಗಿಸುತ್ತದೆ. ತಡೆ ಇಲ್ಲದಿದ್ದರೆ ಕ್ಷಣದಲ್ಲಿ ಎಲ್ಲವೂ ಬಿಚ್ಚಿ ಹೋದೀತು. ಕೂದಲಿನಷ್ಟು ತೆಳುವಾದ ಇನ್ನೊಂದು ಸ್ಪ್ರಿಂಗಿನ ಮೇಲೆ ಅತ್ತಿತ್ತ ತೂಗುವ ಚಕ್ರವೊಂದು, ಒಮ್ಮೆಗೆ ಒಂದೇ ಹಲ್ಲನ್ನು ಮುಂದೆ ಬಿಡುತ್ತದೆ. ನಿಮಗೆ ಕೇಳುವ ಟಿಕ್ ಟಿಕ್ ಅದೇ. ಎಚ್.ಎಂ.ಟಿ. ಜನತಾ ವಾಚಿನಲ್ಲಿ ಇದು ಸೆಕೆಂಡಿಗೆ 5 ಬಾರಿ, ಅಂದರೆ ದಿನಕ್ಕೆ 4,32,000 ಬಾರಿ ನಡೆಯುತ್ತದೆ. ದಿನಕ್ಕೆ ಒಂದು ನಿಮಿಷ ಹಿಂದುಳಿದರೂ ಅದು 1,440ರಲ್ಲಿ ಒಂದು ಪಾಲಿನ ತಪ್ಪು ಮಾತ್ರ!

ಈ ಕಸುಬಿಗೆ ಸ್ವಿಟ್ಜರ್ಲೆಂಡ್ ಹೆಸರುವಾಸಿ. ಅಲ್ಲಿನ ಜೂರಾ ಬೆಟ್ಟಗಳ ರೈತರು ಹಿಮ ಬಿದ್ದು ಹೊಲದ ಕೆಲಸ ನಿಂತಾಗ, ಕಿಟಕಿಯ ಬೆಳಕಿನಲ್ಲಿ ಕುಳಿತು ಗಡಿಯಾರದ ಬಿಡಿಭಾಗ ಮಾಡುತ್ತಿದ್ದರು. ಜಿನೀವಾದ ವಾಶೆರೋನ್ ಕಾನ್‌ಸ್ಟಾಂಟಿನ್ ಸಂಸ್ಥೆ 1755ರಿಂದ, ಪಾಟೆಕ್ ಫಿಲಿಪ್ 1839ರಿಂದ ಈ ಕೆಲಸದಲ್ಲಿವೆ. ಇಂಥ ಉತ್ತಮ ವಾಚುಗಳಲ್ಲಿ ಕಣ್ಣಿಗೆ ಬೀಳದ ಒಳಭಾಗದ ಅಂಚನ್ನೂ ಕೈಯಿಂದ ಓರೆಯಾಗಿ ಅರೆದು ಹೊಳಪು ಕೊಡುತ್ತಾರೆ. ಮುಂದೊಂದು ದಿನ ರಿಪೇರಿಗೆ ಬಿಚ್ಚುವವನು ಮಾತ್ರ ಅದನ್ನು ಕಾಣುವುದೂ ಉಂಟು.

1969ರ ಡಿಸೆಂಬರಿನಲ್ಲಿ ಜಪಾನಿನ ಸೀಕೋ ಕಂಪೆನಿ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಬ್ಯಾಟರಿಯ ಈ ವಾಚು ಹೆಚ್ಚು ನಿಖರವಾಗಿತ್ತು. ಬರುಬರುತ್ತಾ ಅಗ್ಗವೂ ಆಯಿತು. ಸ್ವಿಟ್ಜರ್ಲೆಂಡಿನಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಉಳಿದವರ ವಾಚುಗಳಿಗೆ ಕೈಕೆಲಸವೇ ಬೆಲೆ ತಂದಿತು.

ಕೈಕೆಲಸದ ಜೊತೆಗೆ ಕತೆಗೂ ಬೆಲೆ ಉಂಟು. 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ನಟ ಪಾಲ್ ನ್ಯೂಮನ್ ಕಟ್ಟಿದ್ದ ರೋಲೆಕ್ಸ್ 1 ಕೋಟಿ 77 ಲಕ್ಷ ಡಾಲರಿಗೂ ಮಿಗಿಲಾಗಿ ಹೋಯಿತು. ಅದು ಚಿನ್ನದ್ದಲ್ಲ, ಉಕ್ಕಿನದು. ಹಿಂಬದಿಯಲ್ಲಿ ಆತನ ಹೆಂಡತಿ, ಜೋಪಾನವಾಗಿ ಗಾಡಿ ಓಡಿಸು ಎಂಬರ್ಥದ ಮಾತು ಕೆತ್ತಿಸಿದ್ದಳು.

ಇನ್ನು ನಮ್ಮ ಬೆಂಗಳೂರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ಎಚ್.ಎಂ.ಟಿ. ಇಲ್ಲಿ ಕೈಗಡಿಯಾರ ತಯಾರಿಕೆಗೆ ಕೈಹಾಕಿತು. ಜನತಾ, ಪೈಲಟ್, ಕೊಹಿನೂರ್ ಮನೆಮಾತಾದವು. ಮದುವೆಯ ಉಡುಗೊರೆಯಾಗಿ, ನಿವೃತ್ತಿಯ ಕಾಣಿಕೆಯಾಗಿ ಊರೂರು ಸೇರಿದವು. 2016ರಲ್ಲಿ ಕೇಂದ್ರ ಸರ್ಕಾರ ಎಚ್.ಎಂ.ಟಿ. ವಾಚಸ್ ಕಂಪೆನಿಯನ್ನು ಮುಚ್ಚಲು ತೀರ್ಮಾನಿಸಿತು. ಅಲ್ಲಿಂದೀಚೆಗೆ ಸಂಗ್ರಾಹಕರ ಒಲವು ಹೆಚ್ಚಿತು. ಆದರೆ ಭ್ರಮೆ ಬೇಡ. ಜನತಾ ಲಕ್ಷಗಟ್ಟಲೆ ತಯಾರಾದ ವಾಚು. ಅದೊಂದರಿಂದ ಯಾರೂ ಲಕ್ಷಾಧೀಶರಾಗುವುದಿಲ್ಲ. ಒಳಗಿರುವ 17 ಕಲ್ಲುಗಳೂ ಕಾರ್ಖಾನೆಯಲ್ಲಿ ಮಾಡಿದ ಮಾಣಿಕ್ಯಗಳು. ಸವೆತ ತಡೆಯಲೆಂದು ಇಟ್ಟವು, ಒಡವೆಗೆ ಬಾರವು.

ಹಾಗಾದರೆ ಏನು ಮಾಡಬೇಕು? ಬಣ್ಣ ಮಾಸಿದ ಡಯಲಿಗೆ ಹೊಸ ಬಣ್ಣ ಬಳಿಸಬೇಡಿ. ಸಂಗ್ರಾಹಕರು ಮೊದಲು ನೋಡುವುದೇ ಮೂಲ ಡಯಲನ್ನು. ಹಳೆಯ ಡಬ್ಬಿ, ರಸೀದಿ, ಗ್ಯಾರಂಟಿ ಚೀಟಿ ಎಸೆಯಬೇಡಿ. ಬಹುಕಾಲ ನಿಂತ ವಾಚಿಗೆ ಒಳಗಿನ ಎಣ್ಣೆ ಒಣಗಿರುತ್ತದೆ. ಬಲ್ಲವರಿಂದ ಶುಚಿ ಮಾಡಿಸದೆ ಓಡಿಸಬೇಡಿ. ಕೀ ಕೊಡುವಾಗ ವಾಚನ್ನು ಕೈಯಿಂದ ಬಿಚ್ಚಿ, ಬಿಗಿಯಾದೊಡನೆ ನಿಲ್ಲಿಸಿ. ಇನ್ನೊಂದು ಮಾತು: ಅದನ್ನು ಈ ರೇಡಿಯೋದ ಮೇಲೆ ಮಾತ್ರ ಇಡಬೇಡಿ! ಸ್ಪೀಕರಿನ ಅಯಸ್ಕಾಂತ ತಾಗಿದರೆ ಒಳಗಿನ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಗಡಿಯಾರ ವಿಪರೀತ ಮುಂದೋಡುತ್ತದೆ.

ಮಾರುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಗುಜರಿಯವನ ತಕ್ಕಡಿಗೆ ಹಾಕುವ ಮುನ್ನ ಒಮ್ಮೆ ಕಿವಿಗಿಟ್ಟು ಕೇಳಿ. ಅದು ಯಾರ ಕೈಯಲ್ಲಿತ್ತೆಂದು ಬಲ್ಲವರು ನಿಮ್ಮ ಮನೆಯಲ್ಲೇ ಇದ್ದಾರೆ. ಆ ಕತೆ ಗೊತ್ತಿರುವಷ್ಟು ದಿನ, ಅದರ ಬೆಲೆ ಕಟ್ಟಲು ನಿಮಗಿಂತ ಬೇರೆ ಯಾರೂ ಬೇಕಿಲ್ಲ.